ಕೂದಲು ಮಲಗಿದ ದಿಕ್ಕು

ಅವನಿಗೆ ಟೊಮೆಟೊ ಎಂದು ಹೆಸರಿಟ್ಟವನು ಅವನು ಕೆಲಸ ಮಾಡುವ ಅಗ್ನಿಶಾಮಕ ಠಾಣೆಯ ಡ್ರೈವರ್. ಗಡ್ಡ ಬೋಳಿಸಿಕೊಂಡು ಬಂದ ದಿನವೆಲ್ಲ ಅವನ ಕುತ್ತಿಗೆ ಕಿವಿಯ ಕೆಳಗಿನಿಂದ ಗಂಟಲವರೆಗೆ ಕೆಂಪಗಾಗಿ ಉರಿಯುತ್ತಿತ್ತು. ಮಾರನೆಯ ದಿನ ಅಲ್ಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಹೆಸರು ಕೇಳಿ ಅವನೂ ನಕ್ಕು ಸುಮ್ಮನಾಗಿದ್ದ. ಬೆಂಕಿಯೊಳಗೆ ನುಗ್ಗುವವನಿಗೆ ಬ್ಲೇಡಿನ ಉರಿ ಯಾವ ಲೆಕ್ಕ? ತೀರಾ ತಾಳಲಾಗದಿದ್ದರೆ ಒಂದೆರಡು ದಿನ ಗಡ್ಡವನ್ನು ಹಾಗೇ ಬಿಡುತ್ತಿದ್ದ. ಹಾಗೆ ಬಿಟ್ಟದ್ದೇ ಮುಳುವಾಯಿತು.

ಹೊಗೆಯೊಳಗೆ ಹೋಗುವಾಗ ಹಾಕುವ ಮಾಸ್ಕ್ ಮುಖಕ್ಕೆ ಸುತ್ತಲೂ ಅಂಟಿ ಕೂತಿದೆಯೇ ಎಂದು ನೋಡುವ ಯಂತ್ರವೊಂದು ಆ ವಾರ ಠಾಣೆಗೆ ಬಂತು. ಎಲ್ಲರೂ ಒಬ್ಬೊಬ್ಬರಾಗಿ ಮಾಸ್ಕ್ ಹಾಕಿ ನಿಂತು, ಸಲೀಸಾಗಿ ಆಚೆ ಬಂದರು. ಅವನ ಸರದಿಯಲ್ಲಿ ಯಂತ್ರ ಕೀಂ ಎಂದು ಕೂಗಿಕೊಂಡಿತು. ದವಡೆಯ ಕೆಳಗೆ ಮೊಳೆತಿದ್ದ ಗಡ್ಡದ ಸಂದಿಯಿಂದ ಗಾಳಿ ಸೋರುತ್ತಿತ್ತು.

"ಹೊಗೆಗೆ ಇಷ್ಟು ಸಂದಿ ಸಾಕು," ಎಂದರು ಠಾಣಾಧಿಕಾರಿ. "ಸೋಮವಾರ ಇನ್ನೊಂದ್ಸಲ ನೋಡೋಣ. ಅಲ್ಲೀವರೆಗೂ ನೀನು ಗಾಡಿ ಹತ್ತೋ ಹಾಗಿಲ್ಲ. ಫೋನ್ ಹತ್ರ ಕೂತ್ಕೋ."

"ಸರ್, ನನ್ನ ಚರ್ಮಕ್ಕೆ ಬ್ಲೇಡು ತಾಗಿದ್ರೆ ಸಾಕು..."

"ಅದನ್ನ ನಿನ್ನ ಚರ್ಮದ ಹತ್ರಾನೇ ಮಾತಾಡ್ಕೋ. ನನಗೆ ನೀನು ಜೀವಂತ ಬೇಕು."

ಫೋನಿನ ಮುಂದೆ ಅವನು ಕೆಂಡದ ಮೇಲೆ ಕೂತ ಹಾಗೆ ಕೂತ. ಕೂತ ಎನ್ನುವುದೂ ತಪ್ಪೇ. ಕರೆ ಬಂದರೆ ವಿಳಾಸ ಕೇಳಿ ಗಂಟೆ ಒತ್ತಬೇಕು, ಉಳಿದವರು ಬೂಟು ತೊಟ್ಟು ಓಡುವುದನ್ನು ನೋಡಬೇಕು. ಗಾಡಿ ಹೊರಟ ಮೇಲೆ ಖಾಲಿ ಶೆಡ್ಡಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ವೈರ್‌ಲೆಸ್ ಸ್ವಲ್ಪ ಗೊರಗೊರ ಎಂದರೂ ಓಡಿ ಬರುತ್ತಿದ್ದ.

ಮನೆಯಲ್ಲಿ ಆ ಚಡಪಡಿಕೆಯೆಲ್ಲ ಕನ್ನಡಿಯ ಮುಂದೆ ಹೊರಬಿತ್ತು. ಮಾರನೆಯ ಬೆಳಿಗ್ಗೆ ಮುಖಕ್ಕೆ ತಣ್ಣೀರು ಎರಚಿಕೊಂಡು, ಅರೆಬರೆ ನೊರೆ ಬಳಿದು, ಎಂದಿನದೋ ಹಳೆಯ ಬ್ಲೇಡನ್ನು ಗಲ್ಲದಿಂದ ಗಂಟಲಿನ ಕಡೆಗೆ ಒತ್ತಿ ಒತ್ತಿ ಎಳೆಯುತ್ತಿದ್ದ. ಹೆಂಡತಿ ಆಸ್ಪತ್ರೆಯ ಲ್ಯಾಬಿಗೆ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಮನೆಯಲ್ಲಿ ಅವನು ಮತ್ತು ಅತ್ತೆ ಇಬ್ಬರೇ.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೇ ಬಂದಿದ್ದರು. ಅಳಿಯ–ಅತ್ತೆಗೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಅವನು ಎದುರಿಗೇ ನಿಂತಿದ್ದರೂ ಅತ್ತೆ ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ನಲ್ಲಿ ಸೋರ್ತಾ ಇದೆ" ಎನ್ನುವವರು. ಅವನೂ ಹೆಂಡತಿಗೇ "ನಾಳೆ ಮಾಡ್ತಾರಂತೆ ಅನ್ನು" ಎನ್ನುವವನು.

ಅಂಥ ಅತ್ತೆ ಅಂದು ಒಗೆಯುವ ಬಟ್ಟೆ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು.

"ಅಳಿಯಂದ್ರೇ, ಅದೇನು ಗೋಡೆಯ ಸುಣ್ಣ ಕೆರೀತಿದ್ದೀರಾ?"

ಅವನ ಕೈ ತಪ್ಪಿ ಗಂಟಲ ಬಳಿ ರಕ್ತ ಜಿನುಗಿತು. "ನುಣ್ಣಗೆ ಆಗ್ಬೇಕಲ್ಲ ಅತ್ತೆ. ಇಲ್ಲದಿದ್ರೆ ಸೋಮವಾರದ ಪರೀಕ್ಷೆಲಿ ಮಾಸ್ಕ್ ಕೂರಲ್ಲ."

ಅತ್ತೆ ಬಟ್ಟೆ ಕೆಳಗಿಟ್ಟು ಬಂದು, ಅವನ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಕಿತ್ತು ಬಂದಿರೋದು ಚರ್ಮ. ಕೂದಲು ಹಾಗೇ ಇದೆ. ಇವತ್ತಿಗೆ ಸಾಕು. ಸೋಮವಾರದವರೆಗೂ ಬ್ಲೇಡು ಮುಟ್ಟಬೇಡಿ." ಅವನು ಹಚ್ಚಿಕೊಳ್ಳಲೆಂದು ತೆಗೆದಿಟ್ಟಿದ್ದ ಘಮಘಮ ಲೋಷನ್ನಿನ ಸೀಸೆಯನ್ನು ಮೂಸಿ, ಮುಖ ಸಿಂಡರಿಸಿ, ಬೀರುವಿನ ಮೇಲೆ ಕೈಗೆಟುಕದಷ್ಟು ಒಳಗೆ ತಳ್ಳಿದರು. "ಹಸಿ ಗಾಯದ ಮೇಲೆ ಸ್ಪಿರಿಟ್ಟು ಸುರ್ಕೊಂಡು ಉರಿ ಅಂದ್ರೆ?"

ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯೊಂದು ಅವನ ಕುತ್ತಿಗೆಗೆ ಬಂತು. ಹಾಯೆನಿಸಿತು.

ಬ್ಲೇಡು ಬಿಡುವುದು ಸುಲಭವಿರಲಿಲ್ಲ. ಕುತ್ತಿಗೆ ತುರಿಸುತ್ತಿತ್ತು. ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಠಾಣೆಯಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಕೂತು ನೋಡಿದ. ಆಗ ಕಾಲು ಕುಣಿಯತೊಡಗಿತು.

ಶನಿವಾರ ಮಧ್ಯಾಹ್ನ ಬಟ್ಟೆ ಗೋದಾಮಿನ ನೆಲಮಾಳಿಗೆಗೆ ಬೆಂಕಿ ಬಿದ್ದಿತು. ಕಾವಲುಗಾರ ಒಳಗೆ ಸಿಕ್ಕಿಕೊಂಡಿದ್ದ. ಮಾಸ್ಕ್ ಹಾಕಿ ಇಳಿಯುವವರಲ್ಲಿ ಒಬ್ಬ ಕಡಿಮೆ, ಆ ಒಬ್ಬ ಫೋನಿನ ಹತ್ತಿರ ಇದ್ದ. ಸದಾ ಅವನ ಜೊತೆಗೇ ಇಳಿಯುತ್ತಿದ್ದ ಜೋಡಿಯವನು ಒಮ್ಮೆ ಇಳಿದು ಬರಿಗೈಯಲ್ಲಿ ಬಂದ. ಬೆನ್ನಿನ ಗಾಳಿ ಸಿಲಿಂಡರ್ ಬದಲಿಸಿ, ದಣಿವಾರಿಸಿಕೊಳ್ಳದೆ ಮತ್ತೆ ಇಳಿದು ಕಾವಲುಗಾರನನ್ನು ಎಳೆದು ತಂದ. ಕಾವಲುಗಾರ ಉಳಿದುಕೊಂಡ. ಜೋಡಿಯವನು ಮಾತ್ರ ಠಾಣೆಗೆ ಮರಳಿ ಗಾಡಿಯಿಂದ ಇಳಿಯುವಾಗ ಮೆಟ್ಟಿಲ ಮೇಲೇ ಕುಸಿದು ಕೂತ.

"ನಾನಿದ್ದಿದ್ರೆ..." ಎಂದು ಅವನು ನೀರು ಹಿಡಿದು ಹೋದ.

"ಇದ್ದಿದ್ರೆ ಚೆನ್ನಾಗಿತ್ತು," ಎಂದ ಜೋಡಿಯವನು. ಕೋಪವಿರಲಿಲ್ಲ, ಸುಸ್ತಿತ್ತು. ಕೋಪವಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಭಾನುವಾರ ಬೆಳಿಗ್ಗೆ ಅತ್ತೆ ಬರುವಷ್ಟರಲ್ಲಿ ಅವನು ರೇಜರ್ ಹಿಡಿದು ಕನ್ನಡಿಯ ಮುಂದಿದ್ದ.

"ಇಟ್ಬಿಡಿ ಅದನ್ನ."

"ನಿಮಗೆ ಗೊತ್ತಾಗಲ್ಲ ಅತ್ತೆ. ನಾಳೆ ಸೋತ್ರೆ ನಾನು ಫೋನಿಗೇ ಖಾಯಂ. ಇನ್ನೊಬ್ಬ ನನ್ನ ಬದಲು ಸಾಯಬೇಕಾ?"

ದನಿ ಏರಿದ್ದು ಅವನಿಗೇ ತಿಳಿದು ನಾಲಿಗೆ ಕಚ್ಚಿಕೊಂಡ. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಚಾಚಿದರು. ಅವನು ರೇಜರ್ ಕೊಟ್ಟ.

"ನಾಳೆ ಸ್ನಾನ ಮಾಡಿ ಅಡುಗೆಮನೆ ಕಿಟಕಿ ಹತ್ರ ಬನ್ನಿ. ಮಗಳಿಗೆ ಹೊಸ ಬ್ಲೇಡು, ವಾಸನೆ ಇಲ್ಲದ ಕ್ರೀಮು ತರೋಕೆ ಹೇಳಿದ್ದೀನಿ."

ಸೋಮವಾರ ಬಿಸಿನೀರಿನ ಸ್ನಾನ ಮುಗಿಸಿ ಅವನು ಕುರ್ಚಿಯಲ್ಲಿ ಕೂತ. ಕುತ್ತಿಗೆಯ ಕೆಂಪು ಇಳಿದಿತ್ತು, ಗುಳ್ಳೆಗಳು ಬಾಡಿದ್ದವು. ಅತ್ತೆ ಬಿಸಿನೀರಿನ ಬಟ್ಟೆ ಸುತ್ತಿ, ಒಲೆಯ ಕಡೆ ತಿರುಗಿದರು.

"ಆಯ್ತಾ?" ಎಂದ.

"ಇಲ್ಲ."

"ಈಗ?"

"ಕಾಲು ಅಲ್ಲಾಡಿಸ್ಬೇಡಿ. ಕೂದಲು ಮೆತ್ತಗಾಗೋಕೂ ಪುರುಸೊತ್ತು ಕೊಡಲ್ಲ ಅಂದ್ರೆ ಹೇಗೆ?"

ಬಟ್ಟೆ ತೆಗೆದು ಬೆರಳ ತುದಿಯಿಂದ ಗಡ್ಡ ಸವರಿ ನೋಡಿದರು. ಅವನು ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯದೆ ಕಿಟಕಿಯಾಚೆ ಎದುರುಮನೆಯ ಒಣಗುವ ಬಟ್ಟೆ ನೋಡಿದ. "ಕೆನ್ನೆ ಮೇಲೆ ಕೂದಲು ಕೆಳಕ್ಕೆ ಮಲಗಿದೆ," ಎಂದರು ಅತ್ತೆ. " ಎಡ ದವಡೆ ಕೆಳಗೆ ಕಿವಿ ಕಡೆಗೆ. ಗಂಟಲ ಹತ್ರ ನೋಡಿ, ಮೇಲಕ್ಕೆ. ನಿಮ್ಮದೇ ಕುತ್ತಿಗೆ, ನಿಮಗೇ ಗೊತ್ತಿಲ್ವಾ?"

"ಯಾರು ನೋಡ್ತಾರೆ ಅದನ್ನ?"

"ಬೋಳಿಸೋರು ನೋಡ್ಬೇಕು."

ಬ್ರಷ್ಷಿನಿಂದ ನೊರೆ ತಿರುವಿ ತಿರುವಿ ಹಚ್ಚಿದರು. ಬಲಗಡೆ ಅವರೇ ಮಾಡಿದರು. ಒತ್ತಲಿಲ್ಲ. ಚಿಕ್ಕ ಚಿಕ್ಕದಾಗಿ, ಕೂದಲು ಮಲಗಿದ ಕಡೆಗೇ ಎಳೆದು, ಪ್ರತಿ ಸಲವೂ ಬ್ಲೇಡು ತೊಳೆದರು. ಆಮೇಲೆ ರೇಜರ್ ಅವನ ಕೈಗಿತ್ತರು. ಅವನು ಅಭ್ಯಾಸಬಲದಿಂದ ಎರಡು ಬೆರಳಲ್ಲಿ ಚರ್ಮ ಎಳೆದು ಹಿಡಿದ.

"ಎಳೀಬೇಡಿ. ಎಳೆದು ಬೋಳಿಸಿದ್ರೆ ಕೂದಲು ಚರ್ಮದ ಒಳಕ್ಕೆ ಹೋಗತ್ತೆ, ಆಮೇಲೆ ಗುಳ್ಳೆ. ರೇಜರಿನ ಭಾರವೇ ಸಾಕು."

ಅವನು ಉಸಿರು ಬಿಗಿಹಿಡಿದು ನಿಧಾನವಾಗಿ ಎಳೆದ. ಕೈ ಓಡಲು ಹವಣಿಸುತ್ತಿತ್ತು, ತಡೆದ. ದವಡೆಯ ಅಂಚಿನಲ್ಲಿ ಇನ್ನೂ ಒರಟಿತ್ತು. ಹಾಗೇ ಮತ್ತೊಮ್ಮೆ ಎಳೆಯಲು ಹೋದಾಗ ಅತ್ತೆ ಕೈ ಹಿಡಿದರು. ಮತ್ತೆ ನೊರೆ ಹಚ್ಚಿಸಿ, ಅಡ್ಡಡ್ಡವಾಗಿ ಒಂದೇ ಸಲ ಎಳೆಯಲು ಬಿಟ್ಟರು.

"ಇದೆಲ್ಲ ಎಲ್ಲಿ ಕಲಿತ್ರಿ?" ಎಂದ, ತಣ್ಣೀರಲ್ಲಿ ಮುಖ ತೊಳೆದು.

ಅತ್ತೆ ಟವೆಲ್ ಕೊಟ್ಟು, ಉಜ್ಜಬೇಡಿ ಎಂದು ಸನ್ನೆ ಮಾಡಿದರು. "ನಿಮ್ಮ ಮಾವಂದೂ ಇಂಥದೇ ಚರ್ಮ. ಮಾತು ನಿಂತು ಹಾಸಿಗೆ ಹಿಡಿದ ಮೇಲೆ ನಾನೇ ಮಾಡ್ತಿದ್ದೆ. ಉರಿದ್ರೆ ಹೇಳೋಕಾಗ್ತಿರಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಕೊಳ್ತಿದ್ರು. ಆ ಕಣ್ಣು ನೋಡ್ತಾ ನೋಡ್ತಾ ಕೈ ಹಗುರಾಯ್ತು."

ಅವನು ಟವೆಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುತ್ತಿಗೆಗೆ ಒತ್ತಿಕೊಂಡಿದ್ದ.

ಠಾಣೆಯಲ್ಲಿ ಮಾಸ್ಕ್ ಬಿಗಿದು ನಿಂತ. ಯಂತ್ರ ಕೂಗಲಿಲ್ಲ. ತಲೆ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಬಗ್ಗು ಎಂದರು ಠಾಣಾಧಿಕಾರಿ. ಆಗಲೂ ಕೂಗಲಿಲ್ಲ. "ಗಾಡಿ ಹತ್ತು," ಎಂದರು.

ಸಂಜೆಯೊಳಗೆ ಹತ್ತಬೇಕಾಗಿಯೂ ಬಂತು. ಮೂರಂತಸ್ತಿನ ಮನೆಯ ಮೆಟ್ಟಿಲಲ್ಲಿ ಹೊಗೆ ತುಂಬಿ, ಮೇಲೆ ತಾಯಿ, ಮಗು ಇಬ್ಬರು ಸಿಕ್ಕಿಕೊಂಡಿದ್ದರು. ಈ ಸಲ ಜೋಡಿಯವನ ಮುಂದೆ ಅವನೇ ಹತ್ತಿದ, ಇಬ್ಬರನ್ನೂ ಇಳಿಸಿಕೊಂಡೇ ಬಂದ.

ಮನೆಗೆ ಬಂದಾಗ ಅಂಗಡಿಗೆ ಹೋಗಿದ್ದ ಹೆಂಡತಿ ಇನ್ನೂ ಬಂದಿರಲಿಲ್ಲ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಅವರು ಕೇಳದಿದ್ದರೂ ಅವನು ಎದುರಿಗೆ ಕೂತು, ಹೊಗೆ ಹೇಗಿತ್ತು, ಬಾಗಿಲು ಹೇಗೆ ತೆರೆಯಲಿಲ್ಲ, ಮಗು ಹೇಗೆ ಅವನ ಮಾಸ್ಕ್ ನೋಡಿ ಹೆದರಿ ತಾಯಿಯನ್ನು ಬಿಡಲೊಲ್ಲದಾಯಿತು ಎಂದು ಒಂದೇ ಉಸಿರಿಗೆ ಹೇಳತೊಡಗಿದ. ಹೆಂಡತಿ ಹೆದರುತ್ತಾಳೆಂದು ಅವನು ಬೆಂಕಿಯ ಮಾತನ್ನು ಮನೆಯೊಳಗೆ ತಂದವನೇ ಅಲ್ಲ. ಅತ್ತೆ ಚಾಕು ನಿಲ್ಲಿಸದೆ ಕೇಳಿದರು. ಮಾಸ್ಕಿನ ರಬ್ಬರು ಒತ್ತಿದ ಗುರುತನ್ನು ಮಾತ್ರ ಒಮ್ಮೆ ಬಗ್ಗಿ ನೋಡಿದರು.

"ಬೆವರು ಒಣಗೋ ಮೊದಲು ತೊಳ್ಕೊಳ್ಳಿ," ಎಂದರು. ಆಮೇಲೆ ದನಿ ತಗ್ಗಿಸಿ, "ಆ ಬಾಗಿಲಿನ ವಿಷಯ ಅವಳ ಹತ್ರ ಹೇಳ್ಬೇಡಿ."

"ಹೇಳಲ್ಲ," ಎಂದು ಅವನು ನಲ್ಲಿಯ ಕಡೆ ಎದ್ದ. "ಕೊನೆಗೆ ಆ ಮಗು ಏನ್ಮಾಡ್ತು ಗೊತ್ತಾ?" ಎಂದು ನೀರು ಬಿಡುತ್ತಲೇ ಮತ್ತೆ ಶುರುಮಾಡಿದ.