ಡೇರೆಯೊಳಗಿನ ನೇರ ದಾರಿ

ನೀಲಗಿರಿ ಎಲೆ ಉರಿಯುವ ವಾಸನೆ ನನ್ನನ್ನು ಶಾಲೆಯಿಂದ ಮನೆಗೆ ಕರೆತರುತ್ತಿತ್ತು. ಅಮ್ಮ ಇಂಜೆರಾ ರೊಟ್ಟಿ ಸುಡುವ ಹಂಚಿನ ಹೊಗೆಗೇ ಬೇರೆ ಘಾಟು. ಹುಟ್ಟಿನಿಂದ ಕಣ್ಣಿಲ್ಲದ ನಾನು ಒಮ್ಮೆಯೂ ಪಕ್ಕದ ಮನೆಗೆ ನುಗ್ಗಿದವಳಲ್ಲ. ಈಗ ಅಡಿಸ್ ಅಬಾಬಾದ ಹಂಚುಗಳೆಲ್ಲ ಕರೆಂಟಿನವು, ಮೂಗಿಗೆ ಕೆಲಸವಿಲ್ಲ. ದಾರಿ ಹೇಳಲು ಫೋನಿದೆ. ಅದು ನಮ್ಮ ಭಾಷೆಯನ್ನು ಮೊನ್ನೆ ಕಲಿತ ಪರದೇಶಿ ಪಾದ್ರಿಯಂತೆ ಮಾತಾಡುತ್ತದೆ.

ನನ್ನ ತಮ್ಮನ ಮಗಳು ಫಿಕಿರ್ತೆಗೆ ಅದರ ಮೇಲೆ ನಂಬಿಕೆಯಿಲ್ಲ. ಹೊರಗೆ ಹೊರಟರೆ ನನ್ನ ಮೊಳಕೈ ಅವಳ ಮುಷ್ಟಿಯಲ್ಲಿ. ಕೊನೆಗೆ ಪಂದ್ಯ ಕಟ್ಟಿದಳು.

"ಅತ್ತೆ, ನಿಮ್ಮ ಗೆಳತಿ ತಿರುವರ್ಕ್ ಮನೆಗೆ ಒಬ್ಬರೇ ಹೋಗಿ ತೋರ್ಸಿ. ತಲುಪಿದ್ರೆ ಇನ್ನು ಕೈ ಹಿಡಿಯೋಲ್ಲ. ಯಾರಾದ್ರೂ ಕೈ ಹಿಡಿದು ತಲುಪ್ಸಿದ್ರೋ, ಆಮೇಲೆ ನಾನಿಲ್ದೆ ಹೊಸ್ತಿಲು ದಾಟ್ಬಾರ್ದು."

"ಹಿಂದಿಂದೆ ಬರ್ತೀಯೇನೇ?"

"ಮೇರಿ ಮಾತೆಯಾಣೆ, ಇಲ್ಲ!"

ಹೊರಟೆ. ಕಿವಿಯಲ್ಲಿ ಫೋನಿನ ವೈರು, ಕೈಯಲ್ಲಿ ಕೋಲು. ಚರ್ಚು ದಾಟಿದ ಮೇಲೆ "ನೇರ ಹೋಗಿ" ಎಂದಿತು, ಹೋದೆ. ಕೋಲಿಗೆ ಹಗ್ಗ ತಗುಲಿತು, ಮುಖಕ್ಕೆ ಬಟ್ಟೆ ತಾಗಿತು. ಯಾರೋ ಮೆಲ್ಲಗೆ ಭುಜ ಒತ್ತಿ ಬೆಂಚಿನ ಮೇಲೆ ಕೂರಿಸಿದರು. ಸುತ್ತ ಅಳು. ಯಾರೋ ತೀರಿಕೊಂಡಿದ್ದರು, ಬೀದಿಯ ಅಗಲಕ್ಕೂ ಡೇರೆ ಹಾಕಿದ್ದರು. ಇಂಥ ಡೇರೆಗೆ ಬಂದವರನ್ನು ನಮ್ಮಲ್ಲಿ ಯಾರೆಂದು ಕೇಳುವುದಿಲ್ಲ, ಕೂರಿಸಿ ಊಟ ಕೊಡುತ್ತಾರೆ. ಬಂದವರೂ ಥಟ್ಟನೆ ಎದ್ದು ಹೋಗುವಂತಿಲ್ಲ. ತಲೆ ತಗ್ಗಿಸಿ ಕುಳಿತೆ.

ಸತ್ತವರ ಹೆಂಡತಿ, ಹೆಸರು ಜೆನೆಬೆಚ್ ಎಂದು ಆಮೇಲೆ ತಿಳಿಯಿತು, ಬಂದು ನನ್ನನ್ನು ತಬ್ಬಿಕೊಂಡು ಗೊಳೋ ಎಂದರು. ಆ ಅಪ್ಪುಗೆಗೆ ವೈರು ಕಿತ್ತುಬಂತು.

"ನೇರ ಹೋಗಿ!" ಎಂದು ಫೋನು ಡೇರೆಗೆಲ್ಲ ಕೇಳುವಂತೆ ಕೂಗಿತು.

ಅಳು ನಿಂತಿತು. ನಾನು ಚೀಲದಲ್ಲಿ ತಡಕಾಡಿದೆ. "ನೇರ ಹೋಗಿ! ನೇರ ಹೋಗಿ!"

"ಅಯ್ಯೋ, ಇದು ನಮ್ಮನೆಯವರ ಥರಾನೇ!" ಎಂದರು ಜೆನೆಬೆಚ್. "ಟ್ಯಾಕ್ಸಿ ಓಡಿಸ್ತಿದ್ರು. ಎದುರಿಗೆ ಗೋಡೆ ಬಂದ್ರೂ ಯಾರನ್ನೂ ದಾರಿ ಕೇಳ್ದೋರಲ್ಲ!" ಅಳುತ್ತಲೇ ನಕ್ಕುಬಿಟ್ಟರು. ಎಲ್ಲರ ನಗುವಿಗೆ ಬೆಂಚುಗಳೆಲ್ಲ ಅಲುಗಾಡಿದವು.

ನಾನು ಕ್ಷಮೆ ಕೇಳಿ ಪಂದ್ಯದ ಸಂಗತಿ ಹೇಳಿದೆ. "ದಮ್ಮಯ್ಯ, ಯಾರೂ ಕೈ ಹಿಡೀಬೇಡಿ."

"ಅದಕ್ಕೇನು, ತಾಯೀ! ಏಯ್, ಏಳ್ರೋ! ಬೆಂಚು ಸರಿಸಿ. ಹಿಂದಿನ ಬಟ್ಟೆ ಬಿಚ್ಚಿ. ಫೋನು ನೇರ ಅಂದ್ಮೇಲೆ ನೇರಾನೇ!" ಆಮೇಲೆ ದನಿ ತಗ್ಗಿಸಿ ಕೇಳಿದರು, "ಕಂಬದ ಹಿಂದೆ ಅವಿತುಕೊಂಡಿರೋ ಹುಡುಗಿ ನಿಮ್ಮೋಳಾ?"

"ಯಾವ ಹುಡುಗಿ?"

"ನೀವು ಬಂದ ಬೆನ್ನಿಗೇ ಬಂದ್ಲು. ಅವಳನ್ನೂ ಕೂರ್ಸಿ ತಟ್ಟೆ ಕೊಟ್ವಿ. ಪಾಪ, ಬಾಯ್ತುಂಬ ಇಂಜೆರಾ, ಮಾತೇ ಬರ್ತಿಲ್ಲ."

"ಫಿಕಿರ್ತೆ!" ಎಂದೆ. ಕಂಬದ ಹಿಂದೆ ಯಾರಿಗೋ ನೆತ್ತಿ ಹತ್ತಿತು. "ಮೇರಿ ಮಾತೆಯ ಆಣೆ ಏನಾಯ್ತೇ?"

"ಅತ್ತೆ... ಟ್ರಾಫಿಕ್ಕು ನೋಡಿ ಹೆದರಿಕೆ ಆಯ್ತು."

ಬೈಯೋಣವೆಂದುಕೊಂಡೆ. ಆ ದನಿ ಕೇಳಿ ಮನಸ್ಸಾಗಲಿಲ್ಲ.

ಬೆಂಚುಗಳು ಅತ್ತಿತ್ತ ಸರಿದವು. ಕಾಲುಗಳನ್ನು ಎಳೆದುಕೊಳ್ಳುವ ಸದ್ದು, ಯಾರೋ ಮುದುಕರು ತಮ್ಮ ಕೋಲನ್ನೂ ಎತ್ತಿ ಹಿಡಿದದ್ದು, ಎಲ್ಲ ತಿಳಿಯುತ್ತಿತ್ತು. ಕೋಲೂರುತ್ತ ನೇರ ನಡೆದೆ, ನನ್ನನ್ನು ಯಾರೂ ಮುಟ್ಟಲಿಲ್ಲ. ಡೇರೆಯ ಆಚೆ ಬಿಸಿಲು ಮುಖಕ್ಕೆ ತಾಗಿತು.

ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಮೊಳಕೈಗೆ ಮುಷ್ಟಿ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಫಿಕಿರ್ತೆ ನನ್ನ ಖಾಲಿ ಅಂಗೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಊಟದ ಗಂಟನ್ನು ಇಟ್ಟು, ನನ್ನ ಹಿಂದೆ ಬರದೆ ಅಲ್ಲೇ ನಿಂತಳು.