ತಂತಿ ಹರಿಯಲೆಂದು ಕಾದೆ

ದೀಪಕ್ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಹೆಗಲಲ್ಲಿದ್ದ ಚೀಲವನ್ನು. ಅದರೊಳಗೆ ನನ್ನ ಗಿಟಾರ್ ಇತ್ತು. ನನ್ನದು ಅನ್ನುವಂತಿಲ್ಲ, ಕೊಂಡವನು ಅವನೇ. ಆದರೆ ಅವನ ಆರ್ಕೆಸ್ಟ್ರಾದಲ್ಲಿ ಆರು ವರ್ಷ ಅದನ್ನು ನುಡಿಸಿದವಳು ನಾನು. ಬೇಲೂರಿನಿಂದ ಅರಸೀಕೆರೆಯವರೆಗೆ ಯಾವ ಛತ್ರದಲ್ಲಿ ಆರತಕ್ಷತೆ ನಡೆದರೂ ರೇಷ್ಮೆ ಸೀರೆ ಉಟ್ಟು, ಗಿಟಾರ್ ತೂಗುಹಾಕಿಕೊಂಡು ಮುಂದೆ ನಿಲ್ಲುತ್ತಿದ್ದೆ. ಅವನು ಪಕ್ಕದಲ್ಲಿ ಹಾಡುತ್ತಿದ್ದ. ಜನ ನನ್ನನ್ನೇ ನೋಡುತ್ತಿದ್ದರು. ಅದು ಅವನಿಗೆ ಸಹಿಸಲಾಗಲಿಲ್ಲ. ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ನಾಲ್ಕು ಕಾರ್ಡ್ ನನ್ನಿಂದಲೇ ಕಲಿತ. ಕಲಿತ ಮೇಲೆ ಒಂದು ಸಂಜೆ ಎಲ್ಲರೂ ವ್ಯಾನ್ ಹತ್ತುತ್ತಿರುವಾಗ, "ಇನ್ಮೇಲೆ ನಾನೇ ಹಾಡ್ಕೊಂಡು ನುಡಿಸ್ತೀನಿ ಕಣಮ್ಮ, ನೀನು ರೆಸ್ಟ್ ತಗೋ," ಅಂದ. ವ್ಯಾನ್ ಹೊರಟುಹೋಯಿತು. ನಾನು ಬಸ್ ಸ್ಟ್ಯಾಂಡಿನಲ್ಲಿ ಸಿಂಗಾರ ಮಾಡಿಕೊಂಡು ಒಬ್ಬಳೇ ನಿಂತಿದ್ದೆ.

ಎರಡು ವರ್ಷವಾಯಿತು. ಸಿಟ್ಟು ಆರಿಲ್ಲ. ಆರದ ಹಾಗೆ ನಾನೇ ನೋಡಿಕೊಂಡಿದ್ದೇನೆ.

ಈಗ ಸ್ಪೀಕರ್, ಕೀಬೋರ್ಡ್ ರಿಪೇರಿ ಮಾಡಿಕೊಂಡಿದ್ದೇನೆ. ಗಿಟಾರ್ ಬಿಚ್ಚಿ ಜೋಡಿಸುವವರು ಈ ಸುತ್ತಮುತ್ತ ಬೇರೆ ಯಾರೂ ಇಲ್ಲ. ಅದಕ್ಕೇ ನಾಚಿಕೆ ಬಿಟ್ಟು ಬಂದಿದ್ದ.

"ಆಶಾ, ಇದಕ್ಕೆ ಟ್ರೆಮೊಲೊ ಬ್ರಿಡ್ಜ್ ಹಾಕ್ಬೇಕು," ಅಂದ. "ಕಡ್ಡಿ ಹಿಡ್ಕೊಂಡು ಒತ್ತಿದ್ರೆ ಸ್ವರ ಕೆಳಗೆ ಹೋಗ್ಬೇಕು, ಎತ್ತಿದ್ರೆ ಮೇಲೆ ಹೋಗ್ಬೇಕು. ಎರಡೂ ಕಡೆ. ವಿಡಿಯೋದಲ್ಲಿ ನೋಡಿದೀನಿ. ಅರಸೀಕೆರೆ ಪ್ರೋಗ್ರಾಮಿಗೆ ರೆಡಿ ಇರ್ಲಿ."

ಅರಸೀಕೆರೆಯದು ದ್ರಾಕ್ಷಾಯಣಿಯ ಆರತಕ್ಷತೆ. ಅವಳು ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು, ನನ್ನನ್ನೂ ಕರೆದಿದ್ದಳು.

ಆ ಗಿಟಾರಿನ ಬ್ರಿಡ್ಜ್, ಅಂದರೆ ತಂತಿಗಳ ಬುಡ ಹಿಡಿದಿರುವ ಲೋಹದ ಪಟ್ಟಿ, ಮರಕ್ಕೆ ಭದ್ರವಾಗಿ ಕೂತಿತ್ತು. ಒಂದು ತಂತಿ ಹರಿದರೂ ಉಳಿದ ಐದಕ್ಕೆ ಏನೂ ಆಗುವುದಿಲ್ಲ. ಅಲ್ಲಾಡುವ ಬ್ರಿಡ್ಜ್ ಹಾಗಲ್ಲ. ಒಂದು ಕಡೆಯಿಂದ ಆರು ತಂತಿ, ಇನ್ನೊಂದು ಕಡೆಯಿಂದ ಸ್ಪ್ರಿಂಗ್‌ಗಳು ಅದನ್ನು ಎಳೆಯುತ್ತಿರುತ್ತವೆ. ಆ ಜಗ್ಗಾಟದ ನಡುವೆ ಅದು ತೇಲಿಕೊಂಡಿರುತ್ತದೆ. ಒಂದು ತಂತಿ ಹರಿಯಿತೋ, ಸ್ಪ್ರಿಂಗ್ ಗೆಲ್ಲುತ್ತದೆ, ಉಳಿದ ಐದೂ ಶ್ರುತಿ ತಪ್ಪುತ್ತವೆ. ಬ್ರಿಡ್ಜನ್ನು ಮರಕ್ಕೆ ಒರಗಿಸಿ ಬಿಗಿ ಮಾಡಿದರೆ ಈ ಕಾಟವಿಲ್ಲ, ಆದರೆ ಆಗ ಸ್ವರ ಕೆಳಗೆ ಮಾತ್ರ ಹೋಗುತ್ತದೆ. ದೀಪಕ್ ತಂತಿ ಹರಿಯದೆ ಒಂದು ಕಾರ್ಯಕ್ರಮವನ್ನೂ ಮುಗಿಸಿದವನಲ್ಲ. ಅವನು ಗಿಟಾರ್ ನುಡಿಸುವುದಿಲ್ಲ, ಬಡಿಯುತ್ತಾನೆ.

ಇದನ್ನೆಲ್ಲ ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ.

"ಎರಡೂ ಕಡೆ ತಾನೆ? ಮಾಡ್ಕೊಡ್ತೀನಿ," ಅಂದೆ.

ಮರ ಕೊರೆಯುವ ಮೆಷಿನ್ ಇದ್ದದ್ದು ಪಕ್ಕದ ಬೀದಿಯಲ್ಲಿ ಬಾಗಿಲು ಮಾಡುವ ಗಂಗಾಧರಯ್ಯನವರ ಶೆಡ್ಡಿನಲ್ಲಿ. ಅವರು ಗಿಟಾರನ್ನು ಬೆರಳಿನಿಂದ ತಟ್ಟಿ ನೋಡಿದರು.

"ಒಳ್ಳೇ ಮರ ಐತಲ್ಲವ್ವ. ಇದರ ಹೊಟ್ಟೆ ಯಾಕೆ ಬಗೀತಿದೀಯ?"

"ಅದರ ಯಜಮಾನ್ರು ಕೇಳಿದಾರೆ."

"ಕೊರೆದ್ಮೇಲೆ ಮೊದಲಿನಂಗೆ ಆಗಲ್ಲ, ನೋಡ್ಕೋ."

ನನಗೂ ಗೊತ್ತಿತ್ತು. ನನ್ನ ತೋಳು ಉಜ್ಜಿ ಉಜ್ಜಿ ಪಾಲಿಶ್ ಹೋಗಿದ್ದ ಜಾಗ ಕಣ್ಣೆದುರಿಗೇ ಇತ್ತು. ಮೆಷಿನನ್ನು ಒಮ್ಮೆ ಕೆಳಗಿಟ್ಟೆ. ಆಗ ಆ ಬಸ್ ಸ್ಟ್ಯಾಂಡನ್ನು ನೆನೆಸಿಕೊಂಡೆ, ಮತ್ತೆ ಎತ್ತಿಕೊಂಡೆ. ಬ್ರಿಡ್ಜಿಗೆ, ಸ್ಪ್ರಿಂಗಿಗೆ ಎಷ್ಟು ಬೇಕೋ ಅಷ್ಟೇ ಮರ ತೆಗೆದೆ. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಬಿಡಲಿಲ್ಲ. ತಪ್ಪಿದ್ದರೆ ಅವನು ನನ್ನನ್ನು ಬಯ್ಯಬಹುದಿತ್ತು. ಆ ಸುಖವನ್ನೂ ಅವನಿಗೆ ಕೊಡಬಾರದು.

ಆರತಕ್ಷತೆಯ ಸಂಜೆ ಎರಡನೇ ಸಾಲಿನಲ್ಲಿ ಕೂತೆ. ಮೊದಲೆರಡು ಹಾಡು ಚೆನ್ನಾಗಿಯೇ ಹೋದವು. ಅವನು ಕಡ್ಡಿ ಒತ್ತಿ ಎತ್ತಿ ಸ್ವರವನ್ನು ತೂಗಾಡಿಸಿದಾಗ ಹುಡುಗರು ಶಿಳ್ಳೆ ಹಾಕಿದರು. ನನ್ನ ಕೈಯ ಕೆಲಸಕ್ಕೆ ಅವನಿಗೆ ಶಿಳ್ಳೆ. ಹೊಟ್ಟೆ ಉರಿಯಿತು. ಹಾಳಾದ ತಂತಿ ಗಟ್ಟಿಯಾಗಿ ನಿಂತಿತ್ತು.

ಮೂರನೇ ಹಾಡಿನಲ್ಲಿ ಹರಿಯಿತು. ಅವನು ಮಾಮೂಲಿನಂತೆ ಕ್ಯಾರೇ ಅನ್ನದೆ ಮುಂದಿನ ಕಾರ್ಡ್ ಬಡಿದ. ಗಿಟಾರ್ ವಿಕಾರವಾಗಿ ಅರಚಿತು. ಗಿಟಾರಿನ ಬಿರಡೆ ತಿರುಪಿ ಒಂದು ತಂತಿ ಸರಿ ಮಾಡಿದರೆ ಇನ್ನೊಂದು ಜಾರಿತು, ಅದನ್ನು ಹಿಡಿದರೆ ಮತ್ತೊಂದು. ಕೀಬೋರ್ಡಿನ ಪುಟ್ಟರಾಜು ನುಡಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ, ಮುಚ್ಚಿಟ್ಟುಕೊಳ್ಳದೆ ನಕ್ಕೆ. ಎದೆ ತಣ್ಣಗಾಯಿತು.

ಆಗ ಅವನು ನನ್ನನ್ನು ನೋಡಿದ.

"ನಮ್ಮ ಆಶಾರಾಣಿ ಮೇಡಂ ಇಲ್ಲೇ ಇದಾರೆ," ಅಂತ ಮೈಕಿನಲ್ಲಿ ಹೇಳಿದ. "ಆರು ವರ್ಷ ನಮ್ಮ ಜೊತೆ ನುಡಿಸಿದೋರು. ಈಗ ಅವರೇ ನುಡಿಸ್ತಾರೆ. ಎಲ್ರೂ ಒಂದ್ಸಲ ಚಪ್ಪಾಳೆ ಹೊಡೀರಿ."

ಇಡೀ ಛತ್ರ ಚಪ್ಪಾಳೆ ತಟ್ಟಿತು. ಹಾರ ಹಾಕಿಕೊಂಡು ನಿಂತಿದ್ದ ದ್ರಾಕ್ಷಾಯಣಿ, "ಬಾರೇ ಆಶಾ," ಅಂತ ಕೈ ಬೀಸಿದಳು. ಅವನು ಗಿಟಾರನ್ನು ಎರಡೂ ಕೈಯಲ್ಲಿ ನನ್ನತ್ತ ಚಾಚಿದ್ದ. ಹೊಸ ತಂತಿ ಹಾಕಿ ಶ್ರುತಿ ಮಾಡುವುದು ನನಗೆ ಎಷ್ಟು ಹೊತ್ತಿನ ಕೆಲಸ? ಎರಡು ವರ್ಷದಿಂದ ಆ ವೇದಿಕೆಗೆ ನಾನು ಹಂಬಲಿಸದ ದಿನವಿರಲಿಲ್ಲ. ಕಾಲು ಆಗಲೇ ಹೆಜ್ಜೆ ಇಟ್ಟಿತ್ತು. ಅಷ್ಟರಲ್ಲಿ ಅವನು ನಕ್ಕ. ಕರೆದರೆ ಬಂದೇ ಬರುತ್ತಾಳೆ ಅನ್ನುವ ನಗು.

ನಿಂತೆ.

"ನಾನು ಊಟಕ್ಕೆ ಬಂದಿದೀನಿ," ಅಂದೆ.

ಚಪ್ಪಾಳೆ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಅವನ ಕೈ ಚಾಚಿದಂತೆಯೇ ಇತ್ತು. ನಾನು ಹಿಂತಿರುಗಿ ನೋಡದೆ ಮಹಡಿಯಿಂದ ಕೆಳಗಿಳಿದು ಊಟದ ಹಾಲ್‌ನಲ್ಲಿ ಎಲೆಯ ಮುಂದೆ ಕೂತೆ.

ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಹಾಕಿದರು. ಮಹಡಿಯಲ್ಲಿ ಪುಟ್ಟರಾಜು ಕೀಬೋರ್ಡ್ ಒಂದರಲ್ಲೇ ಹಾಡು ಶುರುಮಾಡಿದ. ಗಿಟಾರ್ ಬರಬೇಕಾದ ಜಾಗ ಬಂತು, ಖಾಲಿಯಾಗಿಯೇ ಹೋಯಿತು. ಗೆದ್ದಿದ್ದೆ. ಆದರೆ ಇನ್ನು ಆ ವೇದಿಕೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಅದಕ್ಕೂ ಅವನನ್ನೇ ಶಪಿಸುತ್ತ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.