ಬಿಡಿ ಸಕ್ಕರೆಯ ಪರೀಕ್ಷೆ

ನಾಲ್ಕು ವರ್ಷ ಕಾದ ಫಲಿತಾಂಶ ಕೈಗೆ ಬಂದ ಬೆಳಿಗ್ಗೆ ರಾಯಚೂರಿನ ಪ್ರಯೋಗಾಲಯದಲ್ಲಿ ಮೌನೇಶ್ವರಿ ಒಬ್ಬಳೇ ಇದ್ದಳು. ಜೀವಕೋಶದೊಳಗೆ ಅಣುಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಪ್ರೋಟೀನಿನ ಎಳೆ ಆ ಇಕ್ಕಟ್ಟಿನಲ್ಲೇ ಮಡಿಚಿಕೊಂಡು ತನ್ನ ಆಕಾರ ಪಡೆಯಬೇಕು. ಅಳೆಯುವವರು ಮಾತ್ರ ಅದನ್ನು ಹೆಚ್ಚಾಗಿ ತಿಳಿನೀರಿನಲ್ಲಿಟ್ಟು ಅಳೆಯುತ್ತಾರೆ. ಮೌನೇಶ್ವರಿ ಜೀವಕೋಶದಂಥದೇ ಇಕ್ಕಟ್ಟಾಗಲೆಂದು ಆ ನೀರಿಗೆ ಡೆಕ್ಸ್‌ಟ್ರಾನ್ ಎಂಬ ದೊಡ್ಡ ಅಣುಗಳನ್ನು ತುಂಬಿದ್ದಳು. ಪ್ರೋಟೀನು ಮೊದಲಿಗಿಂತ ನಾಲ್ಕು ಡಿಗ್ರಿ ಹೆಚ್ಚು ಬಿಸಿ ತಡೆದು, ಆಕಾರ ಕೆಡದೆ ನಿಂತಿತ್ತು.

ಯಾರಿಗೆ ಹೇಳುವುದು? ಮಾರ್ಗದರ್ಶಕರು ನಿವೃತ್ತರಾಗಿದ್ದರು. ದೇವದುರ್ಗಕ್ಕೆ, ತಾಯಿ ಬಸ್ಸಮ್ಮನಿಗೆ ಫೋನ್ ಹಚ್ಚಿದಳು.

"ಯವ್ವಾ, ನನ್ನ ಕೆಲಸ ಆತು."

"ನೌಕರಿ ಸಿಕ್ತೇನವ್ವಾ?" ಬಸ್ಸಮ್ಮನ ದನಿ ಅರಳಿತು.

"ಅದಲ್ಲಬೇ..." ಎಂದು ಮಾತು ತಿರುಗಿಸಿದಳು. ಊಟದ ಮಾತಾಡಿ ಫೋನ್ ಇಟ್ಟಳು.

ಮರುದಿನ ಮಾನ್ವಿ ಬಸ್ಸು ಹತ್ತಿದಳು. ಎರಡು ವರ್ಷ ಅವಳ ಪಕ್ಕದ ಮೇಜಿನಲ್ಲೇ ದುಡಿದಿದ್ದ ತಹಮೀನಾ, ತಂದೆ ಅಮೀರ್ ಸಾಬ್ ಹಾಸಿಗೆ ಹಿಡಿದ ಮೇಲೆ ಸಂಶೋಧನೆ ಬಿಟ್ಟು ಅಲ್ಲಿ ಅವರ ಬಟ್ಟೆ ಅಂಗಡಿ ನಡೆಸುತ್ತಿದ್ದಳು.

"ಬಾ ಮೌನಿ, ಕುಂದ್ರು" ಎಂದವಳು ಗಿರಾಕಿಗಳ ನಡುವೆ ಒಂದು ತಾಸು ಇತ್ತ ತಿರುಗಲಿಲ್ಲ. ಕಡೆಗೆ, ಬಿಚ್ಚಿದ ಸೀರೆಗಳ ಮೇಲೆಯೇ ಮೌನೇಶ್ವರಿ ತಂದಿದ್ದ ಫಲಿತಾಂಶದ ಹಾಳೆ ಹರವಿಕೊಂಡು ಅದರ ಗೆರೆಯ ಮೇಲೆ ಬೆರಳಾಡಿಸಿದಳು.

"ಡೆಕ್ಸ್‌ಟ್ರಾನ್ ಅಂದ್ರ ಸಕ್ಕರಿ ಸರಪಳಿ ಅಲ್ಲೇನು? ಅಷ್ಟೇ ತೂಕದ ಬಿಡಿ ಸಕ್ಕರಿ ಹಾಕಿ ನೋಡೀಯೇನು? ಇದು ಇಕ್ಕಟ್ಟಿನಿಂದ ಆತೋ, ಸಕ್ಕರಿಯಿಂದ ಆತೋ, ಹೆಂಗ ಹೇಳ್ತಿ?"

ಮೌನೇಶ್ವರಿ ನೋಡಿರಲಿಲ್ಲ. ನಾಚಿಕೆಯಾಗಬೇಕಿತ್ತು, ಬದಲಿಗೆ ಕಣ್ಣು ತುಂಬಿಬಂದವು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರಾದರೂ ಕೇಳಿ ವರ್ಷವಾಗಿತ್ತು.

"ಮತ್ತ ಬಾ ತಹಮೀನಾ. ವಾರಕ್ಕೊಂದಿನ ಬಂದ್ರೂ ಸಾಕು."

"ಆಸಿ ಹಚ್ಚಬ್ಯಾಡ ಬೇ" ಎಂದು ತಹಮೀನಾ ಹಾಳೆ ಮರಳಿಸಿ, ಕಾಯುತ್ತಿದ್ದ ಹೆಂಗಸಿನ ಕಡೆ ತಿರುಗಿದಳು.

ಎಂಟು ದಿನ ಮೌನೇಶ್ವರಿ ಬಿಡಿ ಸಕ್ಕರೆ ಹಾಕಿ ಅಳೆದಳು. ಅದರಿಂದ ಏರಿದ್ದು ಒಂದೇ ಡಿಗ್ರಿ. ಹಾಗಾದರೆ ಉಳಿದದ್ದು ಇಕ್ಕಟ್ಟಿನ ಕೆಲಸವೇ. ಅದನ್ನೆಲ್ಲ ಲೇಖನವಾಗಿ ಬರೆದು, ಅದರ ತಲೆಗೆ ತನ್ನ ಹೆಸರಿನ ಪಕ್ಕ ತಹಮೀನಾಳ ಹೆಸರನ್ನೂ ಸೇರಿಸಿ ಅವಳ ಫೋನಿಗೆ ಕಳಿಸಿದಳು.

ಸಂಜೆ ಉತ್ತರ ಬಂತು: "ನನ್ನ ಹೆಸರು ತೆಗಿ ಮೌನಿ. ಅದನ್ನ ನೋಡಿದ್ರ ನನಗ ಅಂಗಡ್ಯಾಗ ಕುಂದ್ರಾಕ ಆಗಂಗಿಲ್ಲ."

ಮೌನೇಶ್ವರಿ ಅದನ್ನು ಹಲವು ಸಲ ಓದಿದಳು. ಆಮೇಲೆ ಲೇಖನದಿಂದ ತಹಮೀನಾಳ ಹೆಸರಿನ ಒಂದೊಂದೇ ಅಕ್ಷರ ಅಳಿಸಿದಳು. ಆ ಜಾಗಕ್ಕೆ ಬರೆಯಲು ಬೇರೆ ಹೆಸರಿರಲಿಲ್ಲ.